ನಾಲ್ಕನೇ ಚೀಟಿ

ಜೂನ್ 4

ಭಾವನವರಿಗೆ,

ನಿಮ್ಮ ತಮ್ಮನ ಹೆಂಡತಿ ಬರೀತಿರೋದು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಿಮಗೆ ಬರೀತಿರೋ ಮೊದಲನೇ ಕಾಗದ, ಅದೂ ಇಂಥ ಸುದ್ದಿ. ಏನು ಮಾಡಲಿ? ಎರಡು ಸಲ ಫೋನ್ ಮಾಡಿದೆ. ನೀವು "ಯಾರು? ಯಾರದು?" ಅಂತ ಕೂಗಿ ಕೂಗಿ ಇಟ್ಟುಬಿಟ್ರಿ. ಅಣ್ಣನಿಗೆ ಕಿವಿ ಮಂದ ಅಂತ ಇವರು ಹೇಳಿದ್ದರು, ಈ ಪಾಟಿ ಅಂತ ಹೇಳಿರಲಿಲ್ಲ.

ಇವರಿಗೆ ಏಪ್ರಿಲ್ ಏಳನೇ ತಾರೀಕು ಸ್ಟ್ರೋಕ್ ಆಯ್ತು. ಡಿಪೋದಲ್ಲಿ ಬಸ್ ನಿಲ್ಲಿಸಿ, ಕೆಳಗಿಳಿದು, ಕಂಡಕ್ಟರ್ ಹತ್ತಿರ ಏನೋ ತಮಾಷೆ ಹೇಳ್ತಾ ಹೇಳ್ತಾ ಕುಸಿದರಂತೆ. ತಮಾಷೆ ಅರ್ಧಕ್ಕೇ ನಿಂತಿತು. ಆ ಕಂಡಕ್ಟರ್ ನೋಡಲಿಕ್ಕೆ ಬಂದಾಗೆಲ್ಲ ಉಳಿದರ್ಧ ಏನಿದ್ದಿರಬಹುದು ಅಂತ ನನ್ನನ್ನ ಕೇಳ್ತಾನೆ.

ಬಲಗೈ ಬಲಗಾಲು ಬಿದ್ದುಹೋಗಿದೆ. ಅದನ್ನಾದರೂ ಸಹಿಸಬಹುದು ಭಾವ, ಮಾತು ಹೋಗಿದೆ. ಡಿಪೋದಲ್ಲಿ ಇವರಿಗೆ ರೇಡಿಯೋ ಅಂತಲೇ ಹೆಸರು. ಈಗ ಆ ಅನ್ನಲ್ಲ, ಊ ಅನ್ನಲ್ಲ. ನಾನು ಗಾರ್ಮೆಂಟ್ಸ್‌ನಲ್ಲಿ ಕಾಜಾ ಮಿಶಿನ್ ಮೇಲೆ ಕೂರೋಳು, ಶರ್ಟಿಗೆ ಗುಂಡಿ ತೂರಿಸೋ ಕಾಜಾ ಹೊಲಿಯೋ ಕೆಲಸ. ಅದಕ್ಕೆ ನನ್ನನ್ನ "ಏ ಕಾಜಾ" ಅಂತ ಕರೀತಿದ್ದರು. ಹನ್ನೊಂದು ವರ್ಷದಲ್ಲಿ ಹೆಸರು ಹಿಡಿದು ಕರೆದದ್ದೇ ನೆನಪಿಲ್ಲ. ಈಗ ಆ ಕಾಜಾನೂ ಇಲ್ಲ.

ಕಾಗದ ಬರೆಯೋ ಕಾರಣಕ್ಕೆ ಬರ್ತೀನಿ. ಹೋದ ಮಂಗಳವಾರ ಇವರು ಬಾಯಿ ಬಿಟ್ರು. ಒಂದು ಮಾತಲ್ಲ, ಒಂದು ಇಡೀ ಸಾಲು, ಎಲ್ಲೂ ತೊದಲದೆ, ನಿಮ್ಮ ಪ್ರಾರ್ಥನೆ ಮನೆಯ ಗ್ರಂಥದ ಹಳೇ ಭಾಷೆಯಲ್ಲಿ! ನನ್ನ ಕೈಲಿದ್ದ ಲೋಟ ಬಿತ್ತು. ಇವರಿಗೆ ಗ್ರಂಥ ಬರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ಯಾವತ್ತಾದರೂ ಕೇಳಿದರೆ "ಅದು ಅಣ್ಣನ ಇಲಾಖೆ" ಅಂತ ಹೇಳಿ ಮಾತು ತೇಲಿಸ್ತಿದ್ದರು.

ಆಸ್ಪತ್ರೆಯಲ್ಲಿ ಮಾತು ಕಲಿಸೋ ಮೇಡಂ ಹೇಳಿದ್ದು ಹೀಗೆ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ತಲೆಯ ಬೇರೆ ಕೋಣೆಯಲ್ಲಿರುತ್ತಂತೆ, ಆ ಕೋಣೆಗೆ ಏಟು ಬಿದ್ದಿಲ್ಲವಂತೆ. ಸ್ವಂತದ ಮಾತು ಬರೋದಿಲ್ಲ, ಕಲಿತದ್ದು ಬರುತ್ತೆ. ತಮಗೆ ಬೇಕಾದ್ದನ್ನ ಹೇಳಲಿಕ್ಕೆ ಇವರು ಆ ಸಾಲುಗಳನ್ನೇ ಹಿಡಿದು ತರ್ತಿರಬಹುದು, ಯಾವ ಸಾಲು ಯಾವಾಗ ಅಂತ ಬರೆದಿಡಿ, ಅರ್ಥ ಗೊತ್ತಿರೋರನ್ನ ಕೇಳಿ ಅಂದರು. ಈ ಊರಲ್ಲಿ ಆ ಭಾಷೆ ಗೊತ್ತಿರೋರು ಒಬ್ಬರೂ ಇಲ್ಲ.

ಕಿವಿಗೆ ಕೇಳಿಸಿದ ಹಾಗೆ ಬರೆದ ನಾಲ್ಕು ಚೀಟಿ ಇದರ ಜೊತೆ ಇಟ್ಟಿದ್ದೀನಿ. ಮೊದಲನೇದು ಬಾಯಿ ಒಣಗಿದಾಗ ಅನ್ನಿಸುತ್ತೆ. ಎರಡನೇದು ಸೆಕೆ ಹೆಚ್ಚಾದಾಗ. ಮೂರನೇದು ನಮ್ಮಕ್ಕ ಬಂದಾಗ. ನಾಲ್ಕನೇದು ಸಂಜೆ.

ಇನ್ನೊಂದು ಮಾತು, ನಗಬೇಡಿ. ನನಗೆ ಪ್ರಾರ್ಥನೆ ಬರಲ್ಲ. ನಮ್ಮ ತೌರಲ್ಲಿ ಯಾರೂ ಕಲಿಸಲಿಲ್ಲ. ಈಗ ಬೇಕಾಗಿದೆ, ಬಾಯಿ ತೆರೆದರೆ ಏನೂ ಬರಲ್ಲ. ಗಂಡ ಹೆಂಡತಿ ಇಬ್ಬರೂ ಮೂಗರಾದ ಹಾಗಾಗಿದೆ. ನನಗೂ ಒಂದು ಸಾಲು ಕೊಡಿ.

ನಿಮ್ಮ ತಮ್ಮನ ಕಾಜಾ


ಜೂನ್ 15

ಅಮ್ಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ದುಃಖವಾಯಿತು, ದುಃಖದ ಜೊತೆಗೆ ರೋಮಾಂಚನವೂ ಆಯಿತು. ನೋಡು, ಮನುಷ್ಯನ ಮಾತೆಲ್ಲ ಉದುರಿಹೋದ ಮೇಲೂ ಗ್ರಂಥದ ಮಾತು ಉಳಿಯಿತು! ಮುಂದಿನ ಭಾನುವಾರ ಪ್ರಾರ್ಥನೆ ಮನೆಯಲ್ಲಿ ಇದನ್ನು ಜನರಿಗೆ ಹೇಳಬೇಕೆಂದಿದ್ದೇನೆ.

ಮೂವತ್ತೆರಡು ವರ್ಷಗಳಿಂದ ಈ ಮನೆಯಲ್ಲಿ ಗ್ರಂಥ ಓದುವವನು ನಾನು. ನನಗಿಂತ ಮುಂಚೆ ಅಪ್ಪ. ಜ್ವರ ಬಂದವರು, ಮಗಳಿಗೆ ಗಂಡು ಸಿಗದವರು, ಕೋರ್ಟಿಗೆ ಅಲೆಯುವವರು, ಎಲ್ಲರೂ ನನ್ನ ಮುಂದೆ ಬಂದು ಕೂರುತ್ತಾರೆ. ಯಾರ ಕಷ್ಟಕ್ಕೆ ಯಾವ ಸಾಲು ಅಂತ ಹುಡುಕಿ ಕೊಡುವುದು ನನ್ನ ಕೆಲಸ. ಆದ್ದರಿಂದ ನೀನು ಸರಿಯಾದ ಬಾಗಿಲನ್ನೇ ತಟ್ಟಿದ್ದೀಯ.

ಒಂದನೇ ಚೀಟಿ: "ಬತ್ತಿದ ಹೊಳೆಯ ದಂಡೆಯಲ್ಲಿ ನನ್ನನ್ನು ಕೂರಿಸಿದರು." ಎರಡನೆಯದು: "ಗಾಳಿಗೆ ಅಪ್ಪಣೆ ಕೊಡು, ಅದು ನನ್ನ ಬಾಗಿಲಿಗೆ ಬರಲಿ." ಮೂರನೆಯದು: "ಹಗೆಗಳ ಕುದುರೆಗಳು ನನ್ನ ಅಂಗಳದಲ್ಲಿ ಮೇಯುತ್ತಿವೆ." ನಾಲ್ಕನೆಯದರ ಬರಹ ಸರಿಯಾಗಿ ಕಾಣುವುದಿಲ್ಲ, ಆಮೇಲೆ ನೋಡೋಣ.

ನಿನಗೆ ಪ್ರಾರ್ಥನೆ: "ನಕ್ಷತ್ರಗಳಿಗೆ ದಾರಿ ಹಾಕಿಕೊಟ್ಟವನೇ, ಕಡಲಿಗೆ ಕಟ್ಟೆ ಕಟ್ಟಿದವನೇ, ಯುಗಗಳ ಒಡೆಯನೇ, ನಿನ್ನ ಕಿವಿಯನ್ನು ಭೂಮಿಗೆ ಬಾಗಿಸು." ಬೆಳಿಗ್ಗೆ ಮೂರು ಸಲ, ಸಂಜೆ ಮೂರು ಸಲ. ಧೈರ್ಯವಾಗಿರು.

ನಿನ್ನ ಭಾವ


ಜೂನ್ 24

ಭಾವನವರಿಗೆ,

ನಿಮ್ಮ ಕಾಗದ ಬಂದ ದಿನ ನಾನು ನಕ್ಕೆ. ಎಷ್ಟು ದಿನ ಆಗಿತ್ತೋ. ನಮ್ಮಕ್ಕನನ್ನ ನೋಡಿ "ಹಗೆಗಳ ಕುದುರೆಗಳು ಮೇಯುತ್ತಿವೆ" ಅಂತಾರಾ ಇವರು! ಅವಳು ಬಂದರೆ ಡಬ್ಬಿಯಲ್ಲಿದ್ದ ಬಿಸ್ಕತ್ತೆಲ್ಲ ಖಾಲಿ, ಸುಳ್ಳೇನಲ್ಲ. ಇವರ ಹತ್ತಿರ ಹೋಗಿ "ಕುದುರೆ ಹೊರಟುಹೋಯ್ತು ಬಿಡಿ" ಅಂದೆ. ಬಾಯಿಯ ಎಡಗಡೆ ಒಂಚೂರು ಮೇಲೆದ್ದಿತು. ಅದು ನಗು ಭಾವ. ನನಗೆ ಗೊತ್ತು ಅದು.

ಹೊಳೆ ಅಂದರೆ ನೀರು ಕೊಡ್ತೀನಿ. ಗಾಳಿ ಅಂದರೆ ಕಿಟಕಿ ತೆಗೀತೀನಿ. ಸಂಸಾರ ಮತ್ತೆ ಶುರುವಾದ ಹಾಗಿದೆ. ನಾಲ್ಕು ಮಾತಿನ ಸಂಸಾರ.

ಆದರೆ ನಾಲ್ಕನೇದನ್ನ ಯಾಕೆ ಬಿಟ್ರಿ? ಬರಹ ಕಾಣಲ್ಲ ಅಂತೀರಿ. ನಾಲ್ಕೂ ಚೀಟಿ ಬರೆದದ್ದು ಒಂದೇ ಪೆನ್ನು, ಒಂದೇ ಕೈ. ಇರಲಿ, ಮತ್ತೆ ದೊಡ್ಡದಾಗಿ ಬರೆದು ಇಟ್ಟಿದ್ದೀನಿ. ನನಗೆ ಬೇಕಾಗಿರೋದೇ ಅದು. ಬೇರೆಯವು ದಿನಕ್ಕೆ ಹತ್ತು ಸಲ ಬರುತ್ತವೆ, ಇದು ಸಂಜೆ ಒಂದೇ ಸಲ. ಮುಖ ಗೋಡೆ ಕಡೆ ತಿರುಗಿಸಿಕೊಂಡು ಹೇಳ್ತಾರೆ. ಹೇಳುವಾಗ ಕಣ್ಣಲ್ಲಿ ನೀರು. ನನ್ನ ಗಂಡ ದಿನಾ ಅಳ್ತಾ ನನಗೊಂದು ಮಾತು ಹೇಳ್ತಾರೆ, ಅದು ಏನು ಅಂತ ನನಗೆ ಗೊತ್ತಿಲ್ಲ. ಹೇಗಿರುತ್ತೆ ಹೇಳಿ ನನ್ನ ಸ್ಥಿತಿ? ಇನ್ನೊಂದು ಸಲ ಏಟು ಬಿದ್ದರೆ ಇಷ್ಟೂ ಹೋಗಬಹುದು ಅಂತ ಮೇಡಂ ಹೇಳಿದ್ದಾರೆ. ಬೇಗ ಬರೀರಿ.

ನೀವು ಕೊಟ್ಟ ಪ್ರಾರ್ಥನೆ ಹೇಳಿ ನೋಡಿದೆ. ಬೈಕೋಬೇಡಿ, ನನಗದು ದೊಗಳೆ. ನಕ್ಷತ್ರ, ಕಡಲು ಅಂತ ಹೇಳ್ತಾ ಹೋದರೆ ನಾನು ಯಾಕೆ ಕೂತಿದ್ದೀನಿ ಅನ್ನೋದೇ ಮರೆತುಹೋಗುತ್ತೆ. ನನ್ನ ಅಳತೆಗೆ ಸರಿಯಾಗಿ ಯಾವುದಾದರೂ ಚಿಕ್ಕದು ಇದ್ದರೆ ಹುಡುಕಿ.

ಕಾಜಾ


ಜುಲೈ 6

ಅಮ್ಮಾ,

ಚೀಟಿ ತಲುಪಿತು. ಅದು ಊಟದ ನಂತರ ಹೇಳುವ ಕೃತಜ್ಞತೆಯ ಸಾಲು. "ಉಂಡೆ, ತಣಿದೆ, ಕೊಟ್ಟವರ ಹೊಟ್ಟೆ ತಣ್ಣಗಿರಲಿ." ನಿನ್ನ ಸೇವೆಗೆ ಅವನು ಕೃತಜ್ಞತೆ ಹೇಳುತ್ತಿದ್ದಾನೆ. ಅದರಲ್ಲಿ ಬೇರೆ ಏನೂ ಇಲ್ಲ.

ಒಂದು ಕೇಳುವುದಿತ್ತು. ಅದನ್ನು ಹೇಳುವಾಗ ಅವನು ಏನನ್ನು ನೋಡುತ್ತಾನೆ? ಆ ಗೋಡೆಯ ಮೇಲೆ ಏನಾದರೂ ಇದೆಯೇ? ಸುಮ್ಮನೆ ಕೇಳಿದೆ.

ಇಲ್ಲಿ ಪ್ರಾರ್ಥನೆ ಮನೆಯ ಮಾಡಿನ ಹೆಂಚು ರಿಪೇರಿ ನಡೆದಿದೆ. ಹೆಚ್ಚು ಬರೆಯಲು ಬಿಡುವಿಲ್ಲ.

ನಿನ್ನ ಭಾವ


ಜುಲೈ 17

ಭಾವನವರಿಗೆ,

ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಕೃತಜ್ಞತೆ! ಈ ಮನುಷ್ಯ ಆರೋಗ್ಯವಾಗಿದ್ದಾಗ ಒಂದು ದಿನ ಚೆನ್ನಾಗಿದೆ ಅಂದವರಲ್ಲ, ತಟ್ಟೆ ತಳ್ಳಿ ಎದ್ದುಹೋಗ್ತಿದ್ದರು. ಅದಕ್ಕೇ ನನಗೆ ತಿಳೀಲಿಲ್ಲ ನೋಡಿ. ನಿಮ್ಮ ಕಾಗದ ಎದೆಗೆ ಒತ್ತಿಕೊಂಡು ಅಡುಗೆಮನೆಯಲ್ಲಿ ನಿಂತು ಅತ್ತೆ.

ಈಗ ಇವರು ಆ ಸಾಲು ಹೇಳಿದ ತಕ್ಷಣ ಎರಡೂ ಕೈಯಲ್ಲಿ ಮುಖ ಹಿಡಿದು ನನ್ನ ಕಡೆ ತಿರುಗಿಸ್ತೀನಿ. "ಥ್ಯಾಂಕ್ಸ್ ಅನ್ನೋರು ಗೋಡೆಗೆ ಯಾಕಪ್ಪಾ ಹೇಳೋದು, ನನ್ನ ಮುಖ ನೋಡಿ ಹೇಳಿ" ಅಂತೀನಿ. ಮೊದಲ ದಿನ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ನಾಚಿಕೆ. ನಾನೂ ಬಿಡಲಿಲ್ಲ. ಮೊನ್ನೆ ಎಡಗೈಯಿಂದ ಮಂಚಕ್ಕೆ ಪಟಪಟ ಹೊಡೆದರು. ಬಹಳ ದಿನದ ಮೇಲೆ ಇವರಲ್ಲಿ ಇಷ್ಟು ಕಸುವು ನೋಡಿದ್ದು, ಒಳ್ಳೇ ಲಕ್ಷಣ ಅಂತ ಅಂದುಕೊಂಡಿದ್ದೀನಿ.

ಗೋಡೆ ಮೇಲೆ ಏನಿದೆ ಅಂತ ಕೇಳಿದ್ರಲ್ಲ. ನಿಮ್ಮದೇ ಪಟ ಇದೆ! ನೀವಿಬ್ಬರೂ ಹುಡುಗರು, ಮಧ್ಯೆ ಮಾವ ನಿಂತಿರೋದು. ನೀವು ಗ್ರಂಥ ಹಿಡಿದಿದ್ದೀರ, ಇವರು ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಾರೆ. ಕಾಣಬಾರದು ಅಂತಲೋ ಏನೋ, ಆದರೂ ಎಡಗೈಯ ಆ ಸೊಟ್ಟ ಕಿರುಬೆರಳು ಪಕ್ಕಕ್ಕೆ ಇಣುಕಿದೆ. ಅದು ಬಸ್ ಬಾಗಿಲಿಗೆ ಸಿಕ್ಕಿ ಮುರಿದದ್ದು ಅಂತ ಇವರು ಹೇಳ್ತಿದ್ದರು, ಈಗ ಪಟ ಸರಿಯಾಗಿ ನೋಡಿದರೆ ಆಗಿನ್ನೂ ಇವರಿಗೆ ಹತ್ತು ವರ್ಷವೂ ಇಲ್ಲ. ಯಾವ ಬಸ್ಸು ಭಾವ?

ಒಂದು ಸಲ ಬನ್ನಿ. ಅಣ್ಣ ತಮ್ಮ ಇಬ್ಬರೂ ಯಾಕೆ ಇಷ್ಟು ವರ್ಷ ಮುಖ ನೋಡಿಲ್ಲ ಅಂತ ನಾನು ಕೇಳಲ್ಲ. ನೀವು ಬಂದು ಪಕ್ಕದಲ್ಲಿ ಕೂತು ಗ್ರಂಥ ಓದಿದರೆ ಇವರ ಆ ಕೋಣೆಯಿಂದ ಇನ್ನಷ್ಟು ಮಾತು ಹೊರಗೆ ಬರಬಹುದು.

ಕಾಜಾ


ಆಗಸ್ಟ್ 2

ಅಮ್ಮಾ,

ಬರಲು ಆಗುವುದಿಲ್ಲ. ಮಾಡಿನ ಕೆಲಸ ಇನ್ನೂ ಮುಗಿದಿಲ್ಲ. ನಾನಿಲ್ಲದಿದ್ದರೆ ಓದುವವರು ಇಲ್ಲ. ಕಿವಿಯ ಡಾಕ್ಟರು ದೂರದ ಪ್ರಯಾಣ ಬೇಡ ಎಂದಿದ್ದಾರೆ. ನನ್ನನ್ನು ನೋಡಿ ಅವನಿಗೆ ಉದ್ವೇಗವಾದರೆ ನಿನಗೇ ತೊಂದರೆ.

ಆ ಪಟವನ್ನು ತೆಗೆದಿಡು. ಹಳೇ ಪಟ ನೋಡಿದರೆ ಕಾಯಿಲೆಯವರ ಮನಸ್ಸು ಕದಡುತ್ತದೆ. ಅವನ ಮುಖವನ್ನು ಬಲವಂತವಾಗಿ ತಿರುಗಿಸಬೇಡ. ಸಾಲು ಹೇಳಿದರೆ ಹೇಳಲಿ, ನೀನು ಸುಮ್ಮನಿರು.

ಬೆರಳಿನ ವಿಷಯ ನನಗೆ ನೆನಪಿಲ್ಲ.

ನಿನ್ನ ಭಾವ


ಆಗಸ್ಟ್ 11

ಭಾವ,

ಇವರು ಊಟ ಬಿಟ್ಟಿದ್ದಾರೆ. ಇವತ್ತಿಗೆ ಒಂಬತ್ತು ದಿನ. ಚಮಚ ತುಟಿಗೆ ತಂದರೆ ಹಲ್ಲು ಕಚ್ಚಿಕೊಳ್ತಾರೆ. ಎರಡು ಗುಟುಕು ಗಂಜಿ ಹೋದರೆ ಅದೇ ಪುಣ್ಯ. ಡಾಕ್ಟರ್ ಮೂಗಿಗೆ ನಳಿಕೆ ಹಾಕೋ ಮಾತಾಡ್ತಿದ್ದಾರೆ.

ಆ ಸಾಲು ಮಾತ್ರ ಬಿಟ್ಟಿಲ್ಲ. ನಿನ್ನೆಯೂ ಹೇಳಿದರು. ನನಗೆ ಓದು ಕಮ್ಮಿ, ತಲೆ ಕಮ್ಮಿ ಇಲ್ಲ. ಹೊಟ್ಟೆಗೆ ಒಂದು ಅಗುಳು ಹೋಗದ ಮನುಷ್ಯ "ಉಂಡೆ, ತಣಿದೆ" ಅಂತ ಯಾಕೆ ಹೇಳ್ತಾನೆ? ಮೇಡಂ ಹತ್ತಿರ ಕೇಳಿದೆ. "ಬೇರೆ ಮೂರೂ ಸಾಲು ಕರಾರುವಾಕ್ಕಾಗಿ ಬಳಸ್ತಾರೆ, ಇದೊಂದು ಯಾಕೆ ತಪ್ಪುತ್ತೆ? ಅರ್ಥ ಹೇಳಿದವರನ್ನ ಇನ್ನೊಂದು ಸಲ ಕೇಳಿ" ಅಂದರು.

ಕೇಳ್ತಿದ್ದೀನಿ. ಪಟ ತೆಗೆದಿಡು ಅಂದ್ರಿ. ತೆಗೆದಿಡಲಿಲ್ಲ. ನಿಮಗೆ ಮಾಡಿನ ಕೆಲಸವೂ ಇಲ್ಲ, ಕಿವಿ ಡಾಕ್ಟರೂ ಇಲ್ಲ ಅಂತ ನನಗೆ ಗೊತ್ತಾಗ್ತಿದೆ. ಊರಿಗೆಲ್ಲ ಸಾಲು ಹುಡುಕಿ ಕೊಡೋರು ನಿಮ್ಮ ಒಡಹುಟ್ಟಿದವನ ಒಂದು ಸಾಲು ನನಗೆ ಕೊಡಲ್ವಾ? ಕೈ ಮುಗೀತೀನಿ, ಕಾಲು ಹಿಡೀತೀನಿ, ಇನ್ನೇನು ಮಾಡಲಿ ಹೇಳಿ. ಅದೇನು ಅಂತ ಬರೀರಿ.


ಆಗಸ್ಟ್ 20

ಅಮ್ಮಾ,

ನಿನ್ನ ಕಾಗದ ಕೈಗೆ ಬಂದಾಗಿನಿಂದ ಬರೆದು ಬರೆದು ಹರಿದೆ. ನಾನು ನಿನಗೆ ಸುಳ್ಳು ಹೇಳಿದೆ.

ನಾಲ್ಕನೇ ಚೀಟಿಯ ಅರ್ಥ ಇದು: "ಮಾಡಿದವನು ನಾನೇ. ನನ್ನ ಮುಖ ನೋಡಬೇಡ, ನನ್ನ ಕೈ ಬಿಡಬೇಡ." ತಪ್ಪು ಮಾಡಿದವನು ಒಡೆಯನ ಮುಂದೆ ನಿಂತು ಹೇಳುವ ಸಾಲು.

ಆಗ ನನಗೆ ಹದಿಮೂರು, ಅವನಿಗೆ ಒಂಬತ್ತು. ಅಪ್ಪ ಹೊರಗೆ ಹೋಗಿದ್ದರು. ನಾನು ಅಪ್ಪನ ಶಾಲು ಹೊದ್ದು, ಅವರ ಜಾಗದಲ್ಲಿ ಕೂತು, ಮೇಣದಬತ್ತಿ ಹಚ್ಚಿ ಓದುವ ಆಟ ಆಡುತ್ತಿದ್ದೆ. ಅವನು ಎದುರಿಗೆ ಕೂತು ಜನರ ಹಾಗೆ ತಲೆದೂಗುತ್ತಿದ್ದ. ಗತ್ತಿನಿಂದ ಹಾಳೆ ಮಗುಚಿದೆ, ಬತ್ತಿ ಉರುಳಿತು. ಕೈಬರಹದ ಗ್ರಂಥ, ತಾತನ ಕಾಲದ್ದು. ಮೂರು ಹಾಳೆ ಸುಟ್ಟವು. ಅಷ್ಟರಲ್ಲಿ ಅಪ್ಪನ ಕಾಲ ಸಪ್ಪಳ. ನಾನು ಅವನ ಕಿವಿಯಲ್ಲಿ ಅಂದೆ: "ನೀನು ಮಾಡಿದೆ ಅನ್ನು. ನೀನು ಚಿಕ್ಕವನು, ನಿನಗೆ ಕಮ್ಮಿ ಬೀಳುತ್ತೆ."

ಅಂದ. ಕಮ್ಮಿ ಬೀಳಲಿಲ್ಲ. ಆ ಬೆರಳು ಮುರಿದದ್ದು ಅವತ್ತು. ನಾನು ಬಾಗಿಲ ಹಿಂದೆ ನಿಂತು ಎಲ್ಲ ನೋಡಿದೆ.

ಆಮೇಲೆ ಒಂದು ತಿಂಗಳು ಅಪ್ಪ ಅವನನ್ನು ಹೊಸ್ತಿಲಲ್ಲಿ ನಿಲ್ಲಿಸಿ ದಿನಕ್ಕೆ ನೂರು ಸಲ ಆ ಸಾಲು ಹೇಳಿಸಿದರು. ನಾನು ಒಳಗೆ ಕೂತು ಮುಂದಿನ ಅಧ್ಯಾಯ ಕಲಿಯುತ್ತಿದ್ದೆ. ಅಲ್ಲಿಗೆ ಅವನಿಗೆ ಗ್ರಂಥ ಮುಟ್ಟುವುದು ನಿಂತಿತು. ಅಪ್ಪ ಸಾಯುವಾಗ ನನ್ನ ಕೈಗೆ ಗ್ರಂಥ ಕೊಟ್ಟು, "ನೀನೊಬ್ಬನಾದರೂ ನೆಟ್ಟಗೆ ಬೆಳೆದೆ" ಅಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಅವನು ಪಕ್ಕದಲ್ಲೇ ನಿಂತಿದ್ದ. ಅವತ್ತು ಮನೆಯಿಂದ ಹೋದವನು ಮತ್ತೆ ಬರಲಿಲ್ಲ.

ಆ ಸಾಲು ಎಷ್ಟು ಜನಕ್ಕೆ ಬೇಕಾಗಿತ್ತು! ಯಾರಿಗೂ ಕೊಟ್ಟಿಲ್ಲ. ಓದುತ್ತಾ ಆ ಪುಟ ಬಂದಾಗ ಎರಡು ಹಾಳೆ ಒಟ್ಟಿಗೆ ಮಗುಚಿಬಿಡುತ್ತೇನೆ. ನಿನಗೆ ಪ್ರಾರ್ಥನೆ ಬರುವುದಿಲ್ಲ ಅಂದೆಯಲ್ಲ, ನನಗೂ ಬರುವುದಿಲ್ಲ. ಊರಿಗೆಲ್ಲ ಓದಿದೆ, ನನಗೋಸ್ಕರ ಒಂದು ಮಾತು ಬೇಡಿಕೊಳ್ಳಲು ಆಗಿಲ್ಲ. ನನ್ನ ಬಾಯಲ್ಲಿರಬೇಕಾದ ಮಾತನ್ನು ಅವನ ಬಾಯಿಗೆ ತುರುಕಿ ನಲವತ್ತೊಂದು ವರ್ಷವಾಯಿತು.

ಅವನು ದಿನಾ ಪಟದ ಕಡೆ ತಿರುಗಿ ಅದನ್ನು ಹೇಳುವುದು ನನಗೆ. ಮರೆತಿಲ್ಲ ಅಂತ ಹೇಳುತ್ತಿದ್ದಾನೆ. ನಿನಗೆ ತಿಳಿಯಲಿ ಅಂತ ಹೇಳುತ್ತಿದ್ದಾನೆ. ಅದಕ್ಕೆ ಹೆದರಿ ಸುಳ್ಳು ಬರೆದೆ. ಈಗ ಅವನಿಗೆ ಹೇಳು, ಅಣ್ಣ ಒಪ್ಪಿಕೊಂಡ ಅಂತ. ಊಟ ಮಾಡಲು ಹೇಳು.


ಆಗಸ್ಟ್ 22

ಭಾವ,

ಮೊನ್ನೆ ಬೆಳಿಗ್ಗೆ ಎರಡನೇ ಸಲ ಆಯ್ತು. ಪ್ರಾಣ ಉಳಿಯಿತು. ಮೂಗಿನಲ್ಲಿ ನಳಿಕೆ ಇದೆ. ಕಣ್ಣು ತೆರೀತಾರೆ, ಮುಚ್ಚುತ್ತಾರೆ.

ಹೊಳೆಯೂ ಇಲ್ಲ, ಗಾಳಿಯೂ ಇಲ್ಲ. ನಮ್ಮಕ್ಕ ಬಂದು ಇಡೀ ದಿನ ಎದುರಿಗೆ ಕೂತಿದ್ದಳು, ಕುದುರೆಯೂ ಬರಲಿಲ್ಲ. ಸಂಜೆ ಕಾದೆ. ಆ ಸಾಲೂ ಬರಲಿಲ್ಲ. ಆ ಕೋಣೆಗೂ ಬೀಗ ಬಿತ್ತು ಅಂತ ಮೇಡಂ ಹೇಳಿದರು. ಹೇಳುವಾಗ ಅವರೂ ನನ್ನ ಮುಖ ನೋಡಲಿಲ್ಲ.

ನೀವು ಇನ್ನು ಅರ್ಥ ಬರೆಯೋದು ಬೇಡ. ಯಾರ ಮಾತಿನ ಅರ್ಥ?


ಸೆಪ್ಟೆಂಬರ್ 1

ಭಾವ,

ನನ್ನ ಕಾಗದ ಅಲ್ಲಿಗೆ ಹೊರಟ ಮೇಲೆ ನಿಮ್ಮದು ಬಂತು. ಓದಿ, ಮಡಚಿ, ಮಿಶಿನ್ನಿನ ಡ್ರಾಯರ್‌ನಲ್ಲಿಟ್ಟು ಪಾಳಿ ಪೂರ್ತಿ ಕಾಜಾ ಹೊಲಿದೆ. ಒಂದೂ ನೆಟ್ಟಗೆ ಬರಲಿಲ್ಲ. ಸೂಪರ್‌ವೈಸರ್ ಎಲ್ಲ ವಾಪಸ್ ಎಸೆದಳು.

ನಿಮ್ಮ ಮೇಲೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ನೀವು ಎದುರಿಗಿದ್ದಿದ್ದರೆ ಕೈಲಿದ್ದ ಕತ್ತರಿ ಬೀಸ್ತಿದ್ದೆ. ಒಂಬತ್ತು ವರ್ಷದ ಮಗುವಿನ ಬೆರಳು! ಆದರೆ ಸಿಟ್ಟು ಮನೆ ಬಾಗಿಲವರೆಗೂ ಉಳೀಲಿಲ್ಲ. ಯಾಕೆ ಅಂದರೆ ಅಲ್ಲಿ ಬಂದು ನಿಂತಾಗ ನನಗೆ ತಿಳೀತು. ಆ ಸಾಲು ಅವರು ಹೇಳ್ತಿದ್ದದ್ದು ನಿಮಗಲ್ಲ ಭಾವ.

ನಾನು ನಿಮಗೆ "ಸಂಜೆ" ಅಂತ ಮಾತ್ರ ಬರೆದೆ. ಸಂಜೆ ಯಾವ ಹೊತ್ತು ಅಂತ ಬರೀಲಿಲ್ಲ. ಇವರ ಮಾನ ಕಾಯೋಣ ಅಂತ ಮುಚ್ಚಿಟ್ಟೆ. ಅಣ್ಣನಿಗೆ ಅದೆಲ್ಲ ಯಾಕೆ ಗೊತ್ತಾಗಬೇಕು ಅಂತ.

ನಾನು ಕೆಲಸ ಮುಗಿಸಿ ಬರೋದು ಐದೂವರೆಗೆ. ಹಗಲೆಲ್ಲ ಪಕ್ಕದ ಮನೆ ಅಜ್ಜಿ ನೋಡ್ಕೋತಾರೆ. ನೀರು ಕುಡಿಸ್ತಾರೆ, ಉಣ್ಣಿಸ್ತಾರೆ. ಅದಕ್ಕಿಂತ ಹೆಚ್ಚು ಅವರಿಂದ ಆಗಲ್ಲ. ನಾನು ಬರೋ ಹೊತ್ತಿಗೆ ಹಾಸಿಗೆ ಒದ್ದೆಯಾಗಿರುತ್ತೆ, ಎಷ್ಟೋ ದಿನ ಬರೀ ಒದ್ದೆಯಲ್ಲ. ಚಪ್ಪಲಿ ಬಿಟ್ಟವಳೇ ಇವರನ್ನ ಮಗ್ಗುಲಿಗೆ ಹೊರಳಿಸಿ, ಬಟ್ಟೆ ಬಿಚ್ಚಿ, ಒರೆಸಿ, ಬೇರೆ ಹಾಸ್ತೀನಿ. ಹೊರಳಿಸಿದರೆ ಮುಖ ಗೋಡೆಗೇ ಹೋಗುತ್ತೆ. ಅಲ್ಲಿ ಪಟ ಇರೋದು ಮೊಳೆ ಅಲ್ಲಿದೆ ಅಂತ ಅಷ್ಟೇ. ಆಗ, ಸರಿಯಾಗಿ ಆ ಹೊತ್ತಿಗೆ, ಇವರು ಆ ಸಾಲು ಹೇಳ್ತಿದ್ದರು.

ಈಗ ಓದಿ ನೋಡಿ. "ಮಾಡಿದವನು ನಾನೇ. ನನ್ನ ಮುಖ ನೋಡಬೇಡ, ನನ್ನ ಕೈ ಬಿಡಬೇಡ." ಗ್ರಂಥವೆಲ್ಲ ಜಾಲಾಡಿದರೂ ಆ ಹೊತ್ತಿಗೆ ಇದಕ್ಕಿಂತ ಸರಿಯಾದ ಮಾತು ಇದೆಯಾ? ಯಾರದೋ ತಪ್ಪಿಗೆ ಹೊಡೆದು ಕಲಿಸಿದ ಮಾತನ್ನ ಹುಡುಕಿ ತಂದು ನನಗೆ ಹೇಳಿದರು. ಬೇಡಿಕೊಂಡರು. ನನ್ನನ್ನ.

ನಾನು ಏನು ಮಾಡಿದೆ? ಮುಖ ಹಿಡಿದು ತಿರುಗಿಸಿ ನೋಡಿದೆ. ಮುಖ ಹಿಡಿಯಲಿಕ್ಕೆ ಎರಡೂ ಕೈ ಬೇಕಲ್ಲ, ಅವರ ಕೈ ಬಿಟ್ಟೆ. ಒಂದು ದಿನ ಅಲ್ಲ, ಐದು ವಾರ. ಥ್ಯಾಂಕ್ಸ್ ಹೇಳಿ ಅಂತ ನಗ್ತಾ ನಿಂತಿದ್ದೆ. ಊಟ ಯಾಕೆ ಬಿಟ್ಟರು ಅಂತ ಈಗ ಗೊತ್ತಾಯ್ತು. ಉಂಡರೆ ತಾನೇ ನಾನು ಸಂಜೆ ಬಂದು ಒರೆಸಬೇಕಾಗೋದು.

ನೀವು ಸುಳ್ಳು ಬರೆದ್ರಿ, ನಾನು ಹೊತ್ತು ಮುಚ್ಚಿಟ್ಟೆ. ಇಬ್ಬರೂ ಸೇರಿಕೊಂಡು ಮಾಡಿದ್ದು ಇದು. ನಾನು ಅದೊಂದು ಮಾತು ಬರೆದಿದ್ದರೆ ನಿಮಗೂ ಅಷ್ಟು ಹೆದರಿಕೆ ಆಗ್ತಿರಲಿಲ್ಲ ಅನ್ನಿಸುತ್ತೆ. ಈಗ ಹೇಳಿ ಏನು ಬಂತು.

ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೀನಿ. ಈಗ ಸಂಜೆ ಆ ಸಾಲು ನಾನು ಹೇಳ್ತೀನಿ. ನೀವು ಬರೆದ ಅರ್ಥದಲ್ಲಿ, ನಮ್ಮ ಭಾಷೆಯಲ್ಲಿ. ಮಾಡಿದವಳು ನಾನೇ. ಕಣ್ಣು ಕೆಳಗಿಟ್ಟುಕೊಂಡು, ಒಂದು ಕೈಯಲ್ಲಿ ಅವರ ಎಡಗೈ ಹಿಡಿದು, ಇನ್ನೊಂದು ಕೈಯಲ್ಲಿ ಒರೆಸ್ತೀನಿ. ಒಂದೇ ಕೈಯಲ್ಲಿ ಮುಗಿಯೋ ಹೊತ್ತಿಗೆ ಕತ್ತಲಾಗುತ್ತೆ. ನನ್ನ ಅಳತೆಗೆ ಒಂದು ಪ್ರಾರ್ಥನೆ ಕೇಳಿದ್ದೆನಲ್ಲ, ಸಿಕ್ಕಿತು. ಇವರಿಗೆ ಹೇಳ್ತೀನೋ ದೇವರಿಗೆ ಹೇಳ್ತೀನೋ ನನಗೇ ಗೊತ್ತಿಲ್ಲ. ಇಬ್ಬರೂ ತುಟಿ ಪಿಟಿಕ್ ಅನ್ನಲ್ಲ.

ಬನ್ನಿ. ಓದೋದು ಬೇಡ, ಸುಮ್ಮನೆ ಬನ್ನಿ. ಅವರ ಮೈಯಲ್ಲಿ ಇನ್ನೂ ಸ್ವಲ್ಪ ಜೀವ ಇರೋದು ಎಡಗೈಯಲ್ಲಿ. ಆ ಸೊಟ್ಟ ಬೆರಳಿನ ಕೈ.

ಕಾಜಾ


ಸೆಪ್ಟೆಂಬರ್ 10

ಅಮ್ಮಾ,

ಬುಧವಾರ ಬರ್ತೀನಿ. ಈ ಕಾಗದ ಮುಂಚೆ ಬರುತ್ತೋ, ನಾನು ಮುಂಚೆ ಬರ್ತೀನೋ ಗೊತ್ತಿಲ್ಲ.

ಭಾನುವಾರ ಓದಲಿಕ್ಕೆ ಕೂತಾಗ ಎರಡು ಹಾಳೆ ಒಟ್ಟಿಗೆ ಮಗುಚಿದೆ, ಆಮೇಲೆ ಒಂದನ್ನ ವಾಪಸ್ ತಿರುಗಿಸಿದೆ. "ಮಾಡಿದವನು ನಾನೇ" ಅನ್ನೋವರೆಗೆ ಓದಿದೆ. ಮುಂದಕ್ಕೆ ಹೋಗಲಿಲ್ಲ. ಜನ ಕಾದರು. ವಯಸ್ಸಾಯ್ತು, ಸಾಲು ತಪ್ಪಿತು ಅಂದುಕೊಂಡು ಯಾರೋ ಎದ್ದು ಬಂದು ಬೆರಳಿಟ್ಟು ತೋರಿಸಿದರು. ನಾನು ಗ್ರಂಥ ಮುಚ್ಚಿ ಎದ್ದುಬಂದೆ. ಅದನ್ನ ಅಲ್ಲಿ ಹೇಳಿ ಏನುಪಯೋಗ?

ಐದು ಗಂಟೆಗೆ ಬಸ್ ಇಳೀತೀನಿ. ಸಂಜೆಯ ಕೆಲಸ ನನಗೆ ಬಿಡು. ಹೇಗೆ ಹೊರಳಿಸಬೇಕು, ಒಗೆದ ಬಟ್ಟೆ ಎಲ್ಲಿರುತ್ತೆ, ಅಷ್ಟು ತೋರಿಸಿ ನೀನು ಹೊರಗೆ ಹೋಗಿ ಕೂತುಕೋ. ಅವನಿಗೆ ಮಾತಿಲ್ಲ, ನನಗೆ ಕಿವಿ ಇಲ್ಲ, ಅವನು ಏನಾದರೂ ಅಂದರೂ ನನಗೆ ಕೇಳಿಸೋದಿಲ್ಲ. ಆ ಬೆರಳು ಹಿಡಿದುಕೊಂಡೇ ಇರ್ತೀನಿ. ಅವನು ಕೊಸರಿಕೊಂಡರೂ ಹಿಡೀತೀನಿ. ಮುಖ ನೋಡೋದಿಲ್ಲ. ನನ್ನ ಮುಖ ಅವನು ನೋಡಬೇಕೋ ಬೇಡವೋ, ಅದು ಅವನಿಗೆ ಬಿಟ್ಟದ್ದು.